ಅಮ್ಮನ ಗೆಜ್ಜೆ, ನನ್ನ ಕಾಲುಂಗುರ

ನಲವತ್ತೇಳನೆಯ ವಯಸ್ಸಿನಲ್ಲಿ ಮದುವೆಯಾಗಲು ಹೊರಟ ಹೆಂಗಸಿಗೆ ಸ್ವಲ್ಪವಾದರೂ ಗಾಂಭೀರ್ಯ ಇರಬೇಕಿತ್ತು. ನನಗಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ಹೋಗಿ ಬಂದಿದ್ದೆ. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಮನೆಯಲ್ಲಿ ನಗದೆ ಇದ್ದವಳು ಅಮ್ಮ ಒಬ್ಬಳೇ.

ಅವಳ ತಕರಾರು ನನ್ನ ವಯಸ್ಸಿನದಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ನನ್ನ ಕೈಹಿಡಿಯುವವರದು ಭಾನುವಾರ ಬಂತೆಂದರೆ ಬಾಡಿನ ಸಾರು ಕುದಿಯುವ ಮನೆ. "ಮದ್ವೆ ಬೇಕಾದ್ರೆ ಆಗು ಕಣಮ್ಮ. ನಾನು ಮಾತ್ರ ಆ ಮನೆ ಹೊಸ್ಲು ತುಳಿಯೋಳಲ್ಲ" ಎಂದು ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ನಾನೆಷ್ಟು ಕುಣಿದಾಡುತ್ತಿದ್ದರೂ ಆ ಮಾತು ಒಳಗೇ ಚುಚ್ಚುತ್ತಿತ್ತು. ಅವಳು ಕಾಲಿಡದ ಮನೆಯನ್ನು ನನ್ನ ಮನೆ ಎಂದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮದುಮಗಳ ಕಾಲುಂಗುರಕ್ಕೆ ತಾಯಿಯ ಮೈಮೇಲಿನ ಬೆಳ್ಳಿಯೇ ಆಗಬೇಕು. ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಮದುವೆಗೆ ಎರಡು ದಿನ ಇದೆ ಎನ್ನುವಾಗ ಅಮ್ಮ ಬೆಳಗ್ಗೆಯೇ ಸೀರೆ ಉಟ್ಟು ನಿಂತು, "ಆಟೋ ಕರಿ. ಲಷ್ಕರ್ ಮೊಹಲ್ಲಕ್ಕೆ ಹೋಗ್ಬುಟ್ಟು ಬರೋಣ" ಎಂದಳು.

ಅಲ್ಲಿನ ಬೆಳ್ಳಿ ಕೆಲಸದ ಆಚಾರ್ರ ಅಂಗಡಿಯಲ್ಲಿ ಮೂವರು ಕೂತರೆ ನಾಲ್ಕನೆಯವರು ಬೀದಿಯಲ್ಲೇ ನಿಲ್ಲಬೇಕು. ಅಮ್ಮ ಕೂತವಳೇ ಕಾಲು ಚಾಚಿ, "ಇವನ್ನ ಕರಗ್ಸಿ ಇವಳಿಗೆ ಕಾಲುಂಗುರ ಮಾಡಿ" ಎಂದಳು. ಅವಳ ಮದುವೆಯ ಗೆಜ್ಜೆ. ತಿರುಪು ಎಂದೋ ಕಚ್ಚಿಕೊಂಡು ಹೋಗಿತ್ತು, ಸರಪಳಿ ಸವೆದು ದಾರದಂತಾಗಿತ್ತು. ಚಿಕ್ಕವಳಿದ್ದಾಗ ಆ ಘಲ್ ಸದ್ದು ಕೇಳಿದ ಕೂಡಲೇ ಬೆಲ್ಲದ ಡಬ್ಬಿ ಮುಚ್ಚಿಟ್ಟು ಪುಸ್ತಕ ಹಿಡಿಯುತ್ತಿದ್ದೆ. ಆ ಸದ್ದಿನಿಂದಾಗಿ ನಾನು ಒಮ್ಮೆಯೂ ಸಿಕ್ಕಿಬಿದ್ದವಳಲ್ಲ. ಆಚಾರ್ರು ಕತ್ತರಿಯಿಂದ ಎರಡು ಸಲ ಕಟ್ ಎನಿಸಿದರು, ಅಷ್ಟೇ.

"ಕರಗೋವಾಗ ಕಣ್ಣು ಕೀಳ್ಬೇಡ" ಎಂದು ಅಮ್ಮ ತಾಕೀತು ಮಾಡಿದಳು. ಅದೂ ನಮ್ಮ ಮನೆಯ ಕಟ್ಟಳೆ. ಬೆಳ್ಳಿ ನೀರಾಗುವುದನ್ನು ತೊಡುವವಳು ಕಣ್ಣಾರೆ ನೋಡಲೇಬೇಕು.

ಮೂಸೆಯೊಳಗೆ ಗೆಜ್ಜೆಯ ಚೂರುಗಳು, ಕೊಳೆ ಬಿಟ್ಟು ಬೇಗ ಕರಗಲೆಂದು ಮೇಲೊಂದು ಚಿಟಿಕೆ ಬಿಳಿಗಾರ. ಆಚಾರ್ರು ಗ್ಯಾಸಿನ ಉರಿ ಹಿಡಿದರು. ಬೆಳ್ಳಿ ಕೆಂಪಾಯಿತು, ಕುಸಿಯಿತು. ಅಷ್ಟರಲ್ಲಿ ನನ್ನ ಫೋನು ಗುಂಯ್ ಎಂದಿತು. ಅವರ ಮೆಸೇಜು! ಕಾಲುಂಗುರ ಮಾಡಿಸಲು ಕೂತಿದ್ದೇವೆಂದು ಆಗಲೇ ತಿಳಿಸಿದ್ದೆ. ಕಡಕೊಳದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ಅರ್ಧ ಆಯುಷ್ಯ ಕಳೆದ ಮನುಷ್ಯ, ಮದುವೆಗೆ ಎರಡು ದಿನ ಇರುವಾಗ ಕೇಳಿದ್ದು: 'ತಂತಿ ಎಷ್ಟು ಎಂ.ಎಂ.?' ನಾನು ಕಿಸಕ್ಕನೆ ನಕ್ಕೆ. ತಲೆ ಎತ್ತುವಷ್ಟರಲ್ಲಿ ಆಚಾರ್ರು ಬೆಳ್ಳಿಯನ್ನು ಅಚ್ಚಿಗೆ ಹೊಯ್ದಾಗಿತ್ತು.

"ನೋಡ್ಲಿಲ್ಲ ಇವಳು! ಇನ್ನೊಂದ್ಸಲ ಕರಗ್ಸಿ" ಎಂದಳು ಅಮ್ಮ.

"ಅಯ್ಯೋ, ಗಟ್ಟಿಯಾಗೋಯ್ತು ಕಣ್ರಮ್ಮ!"

"ಆದ್ರೇನು?" ಎಂದ ಅಮ್ಮ ನನ್ನ ಕಡೆ ತಿರುಗಿದಳು. "ಅಂಥದ್ದೇನು ಬಂದಿತ್ತೇ ಫೋನಲ್ಲಿ?"

ತಲೆತಗ್ಗಿಸಿಕೊಂಡು ಓದಿ ಹೇಳಿದೆ. ಆಚಾರ್ರ ಮುಖ ಅರಳಿತು. "ತಂತಿ ದಪ್ಪ ಕೇಳೋ ಗಂಡನ್ನ ಇದೇ ಮೊದ್ಲು ನೋಡ್ತಿರೋದು. ಕಸುಬು ಗೊತ್ತಿರೋ ಮನ್ಷ ಕಣ್ರಮ್ಮ, ಒಳ್ಳೇ ಕಡೆಗೇ ಕೊಡ್ತಿದ್ದೀರ" ಎನ್ನುತ್ತಾ ಮತ್ತೆ ಉರಿ ಹಚ್ಚಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮೋ ನಗುವೋ ನೋಡಲು ನಾನು ತಿರುಗುವಂತಿರಲಿಲ್ಲ. ಈ ಸಲ ರೆಪ್ಪೆ ಬಡಿಯಲಿಲ್ಲ. ಗೆಜ್ಜೆ ಹೋಗಿ ಒಂದೇ ಒಂದು ದುಂಡನೆಯ ಹೊಳಪಾಗಿ ಮೂಸೆಯಲ್ಲಿ ತೊನೆಯಿತು. ನನ್ನ ತಲೆಯೂ ಅದರ ಜೊತೆಗೇ ತೊನೆಯುತ್ತಿತ್ತು.

ಆಮೇಲೆ ಕಂಬಿ ಬಡಿದರು. ಸಾಲುತೂತಿನ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಎಳೆದು ತಂತಿ ಮಾಡಿದರು. ಕೊನೆಯ ತೂತಿಗೆ ನಾನೂ ಇಕ್ಕಳ ಹಿಡಿದು ಎಳೆದೆ, ಎಳೆದ ರಭಸಕ್ಕೆ ಅಂಗಡಿಯಿಂದಾಚೆ ಬೀದಿಗೇ ಬಂದುಬಿಟ್ಟೆ! ಕಡ್ಡಿಗೆ ಮೂರು ಸುತ್ತು ಸುತ್ತಿ, ತುದಿ ಅರದಿಂದ ಉಜ್ಜಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ ಅಂಗೈಗಿಟ್ಟರು. ಇನ್ನೂ ಬೆಚ್ಚಗಿತ್ತು.

ಅಮ್ಮ ಎದ್ದು ಆಟೋದ ಕಡೆ ನಾಲ್ಕು ಹೆಜ್ಜೆ ಹಾಕಿದಳು. ಸದ್ದೇ ಇಲ್ಲ. ಹುಟ್ಟಿದಾಗಿನಿಂದ ನಾನು ಅವಳು ಹಾಗೆ ನಡೆದದ್ದನ್ನು ಕಂಡಿರಲಿಲ್ಲ. ಬೀದಿಯಲ್ಲೇ ಗಳಗಳನೆ ಅತ್ತುಬಿಟ್ಟೆ.

ಅಮ್ಮ ತಿರುಗಿ ನೋಡಿದಳು. "ಅಳು ಅಳು. ಇನ್ಮೇಲೆ ನಾನು ಬರೋದು ನಿಂಗೆ ಗೊತ್ತೇ ಆಗಲ್ಲ. ಯಾವ್ದಾದ್ರೂ ಭಾನ್ವಾರ ಸದ್ದಿಲ್ದಂಗೆ ನಿಮ್ಮನೆ ಅಡ್ಗೆಮನೆಗೆ ಬಂದ್ಬುಡ್ತೀನಿ. ಪಾತ್ರೆ ಮುಚ್ಚಳ ತೆಗೆದು ನೋಡ್ತೀನಿ, ಹುಷಾರು!"

ಆಟೋ ಹತ್ತುತ್ತಲೇ ಅವರಿಗೆ ಮೆಸೇಜು ಹಾಕಿದೆ: 'ಭಾನುವಾರ ಸೊಪ್ಪಿನ ಸಾರು.'