ಬುಸ್ಸುಲಾಳ ಮನೆಯೊಳಗಿನ ಹೆದ್ದಾರಿ

ಬುಸ್ಸುಲಾ ಡ್ಯಾನ್ಯೂಬ್ ನದಿಯ ದಂಡೆಗೆ ಸೊಸೆಯಾಗಿ ಬಂದಾಗ ಅಲ್ಲಿದ್ದದ್ದು ನಾಲ್ಕಾರು ಗುಡಿಸಲು, ಒಂದಿಷ್ಟು ಬಾತುಕೋಳಿ. ರೋಮಿನ ಸೈನ್ಯ ಬಂದು ಕೋಟೆ ಕಟ್ಟಿದ ಮೇಲೆ ಅವಳ ಗಂಡ ಅದ್ನಮಾತುಸ್ ಮೀನು ಹಿಡಿಯುವುದನ್ನು ಬಿಟ್ಟು ಬಾರ್ಲಿ ಬೀರು ಮಾಡತೊಡಗಿದ. ಅವಳು ಬರಗಿನ ಗಂಜಿ ಬೇಯಿಸಿದಳು. ಸಿಪಾಯಿಗಳು ಎರಡನ್ನೂ ಬೈಯುತ್ತಲೇ ಕುಡಿದರು. ಮೊದಲ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಅಲ್ಲಿನ ವಾಡಿಕೆಯಂತೆ ಅದನ್ನು ಬೆಚ್ಚಗಿರಲೆಂದು ಒಲೆಯ ಮಗ್ಗುಲಲ್ಲೇ ಮಣ್ಣುಮಾಡಿದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಕೋಟೆಯ ಹೊರಗೆ ಕ್ರಮವಾಗಿ ಒಂದು ಊರು ಏಳಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಅಳತೆಗಾರ ವಿಬಿಯಸ್ ಕೋಲು ನೆಟ್ಟು, ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಕೋಟೆಯ ಬಾಗಿಲಿನಿಂದ ಹೊರಟ ದಾರಿ ಬಾಣದಂತೆ ಬಂದು ಬುಸ್ಸುಲಾಳ ಒಲೆಗೆ ಬಡಿಯಿತು.

ಗಂಜಿ ಕುಡಿಯುತ್ತ ಕುಡಿಯುತ್ತ ಆ ಸೀಮೆಯ ಮಾತು ಕಲಿತಿದ್ದ ವಿಬಿಯಸ್ ಮೆಲ್ಲಗೆ ಹೇಳಿದ, "ಅಮ್ಮಾ, ಮನೆ ಕೀಳ್ಬೇಕಾಗುತ್ತೆ."

"ಕೀಳೋಕೆ ಅದೇನ್ ಮೂಲಂಗೀನಾ?"

"ದಾರಿ ಇಲ್ಲೇ ಹಾದು ಹೋಗುತ್ತೆ."

"ಸ್ವಲ್ಪ ಆ ಕಡೆ ಹಾದು ಹೋಗ್ಲಿ. ಭೂಮಿಗೇನು ಬರಗಾಲವಾ?"

ವಿಬಿಯಸನ ಮುಖ ಬಿಳಿಚಿಕೊಂಡಿತು. "ರೋಮಿನ ದಾರಿ ಬಗ್ಗೋದೇ?"

"ಹಂಗಾದ್ರೆ ನಾನೂ ಬಗ್ಗಲ್ಲ. ನನ್ ಕೂಸು ಮಲಗಿರೋ ಜಾಗ ಇದು."

ವಿಬಿಯಸ್ ಕೆಟ್ಟವನಲ್ಲ. ಮೇಲಧಿಕಾರಿಗಳಿಗೆ ಹೇಳಿಕಳಿಸಿದ. ಚಳಿಗಾಲ ಕಳೆದ ಮೇಲೆ ಉತ್ತರ ಬಂತು: ನಕ್ಷೆಯಲ್ಲಿ ಅಲ್ಲಿ ಯಾವ ಮನೆಯೂ ಇಲ್ಲ, ಇಲ್ಲದ ಮನೆಯನ್ನು ಕೆಡವಲು ಅಪ್ಪಣೆ ಕೊಡಲಾಗದು, ದಾರಿಯನ್ನು ಬೇಗ ಮುಗಿಸತಕ್ಕದ್ದು.

ವಿಬಿಯಸ್ ಎರಡು ದಿನ ಊಟ ಬಿಟ್ಟ. ಆಮೇಲೆ ಮನೆಯ ಮುಂದಿನ ಗೋಡೆ, ಹಿಂದಿನ ಗೋಡೆ ಎರಡನ್ನೂ ಒಡೆಸಿ, ಒಳಗಿಂದಲೇ ಕಲ್ಲು ಹಾಸಿಸಿಬಿಟ್ಟ. ದಾರಿಯ ನಟ್ಟನಡುವೆ ಒಲೆ, ಅದರ ಮಗ್ಗುಲ ಮಣ್ಣು ಹಾಗೇ ಉಳಿದವು.

ಅಂದಿನಿಂದ ದಿನಾ ಬೆಳಿಗ್ಗೆ ಸೈನ್ಯ ಅವಳ ಮನೆಯೊಳಗೆ ನುಗ್ಗಿ, ಒಲೆಯ ಹತ್ತಿರ ಎರಡಾಗಿ ಸೀಳಿ, ಕೈ ಕಾಯಿಸಿಕೊಂಡು, ಹಿತ್ತಲ ಕಡೆಯಿಂದ ಹೊರಬೀಳತೊಡಗಿತು. "ಕಾಲೊರೆಸ್ಕೊಂಡ್ ಬನ್ರೋ! ಸಾಮ್ರಾಜ್ಯದ ಕೆಸರೆಲ್ಲ ನಮ್ಮನೇಗೇ ತರ್ಬೇಕಾ?" ಎಂದು ಬುಸ್ಸುಲಾ ಸೌಟು ಬೀಸುತ್ತಿದ್ದಳು. ಹೇಸರಗತ್ತೆಗಳು ಹೋಗುತ್ತ ಹೋಗುತ್ತ ಸೂರಿನ ಹುಲ್ಲು ಕಿತ್ತು ತಿನ್ನುತ್ತಿದ್ದವು. ಅಲ್ಲಿ ಎಲ್ಲರೂ ನಿಧಾನಿಸಲೇಬೇಕಾದ್ದರಿಂದ ಮಾರುವವರು ಅಲ್ಲೇ ಠಿಕಾಣಿ ಹೂಡಿದರು. ಚಮ್ಮಾರ ಬಂದ, ಕ್ಷೌರಿಕ ಬಂದ, ಪಕ್ಕದಲ್ಲಿ ಸ್ನಾನಗೃಹ ಎದ್ದಿತು. ಹೀಗೆ ಊರು ಬೆಳೆಯಿತು.

ಊರಿಗೆ ನಗರದ ದರ್ಜೆ ಕೊಡಲು ಪ್ರಾಂತ್ಯಾಧಿಪತಿ ಬಂದ. ಕುದುರೆಯ ಮೇಲಿಂದಲೇ ತಲೆ ಬಗ್ಗಿಸಿ ಬುಸ್ಸುಲಾಳ ಮನೆಯೊಳಗೆ ಬಂದವನು ಒಲೆ ಕಂಡು ಗಕ್ಕನೆ ನಿಂತ. "ಏನಿದು?"

ವಿಬಿಯಸ್ ಮುಂದೆ ಓಡಿಬಂದ. "ದೇ... ದೇವಸ್ಥಾನ ಮಹಾಪ್ರಭು. ಒಲೆಯ ದೇವಿ ವೆಸ್ತಾ."

"ಆಕೆ?"

"ಪೂಜಾರಿಣಿ."

ಪ್ರಾಂತ್ಯಾಧಿಪತಿ ಇಳಿದು ಕೈಮುಗಿದು, ಒಂದು ಹಿಡಿ ಧೂಪವನ್ನು ಕುದಿಯುವ ಗಂಜಿಗೇ ಸುರಿದ.

"ಅಯ್ಯೋ ನಿನ್ ಕೈ ಸೇದೋಗ! ಅದು ಊಟಕ್ಕಲ್ವೇನೋ!" ಎಂದು ಬುಸ್ಸುಲಾ ತನ್ನ ಮಾತಿನಲ್ಲಿ ಕಿರುಚಿದಳು.

"ಏನಂದಳು?"

"ಹರಸಿದಳು, ಮಹಾಪ್ರಭು."

ಒಲೆಯನ್ನು ಎಂದೆಂದಿಗೂ ಯಾರೂ ಕದಲಿಸಕೂಡದೆಂದು ಆಜ್ಞೆಯಾಯಿತು. ಬುಸ್ಸುಲಾ ಆ ರಾತ್ರಿ ಒಲೆಯ ಪಕ್ಕದ ನೆಲ ಸವರುತ್ತ ಅತ್ತಳು, ನಕ್ಕಳು. ಬೆಳಗಾದ ಮೇಲೆ ಆಜ್ಞೆಯ ಉಳಿದ ಭಾಗ ತಿಳಿಯಿತು: ವೆಸ್ತಾಳ ಪೂಜಾರಿಣಿ ಕನ್ಯೆಯಾಗಿರಬೇಕು, ಗಂಡಸು ಅಲ್ಲಿ ಮಲಗಕೂಡದು.

"ಇಷ್ಟು ವರ್ಷ ಸಂಸಾರ ಮಾಡಿ ಈಗ ಕನ್ಯೆ ಆಗು ಅಂದ್ರೆ ಹೆಂಗಪ್ಪಾ ಆಗ್ಲಿ?"

"ಸರ್ಕಾರದ ಆಜ್ಞೆ ಅಮ್ಮ," ಎಂದ ವಿಬಿಯಸ್, ನೆಲ ನೋಡುತ್ತ. "ಪ್ರಯತ್ನ ಮಾಡಿ ನೋಡಿ."

ಅದ್ನಮಾತುಸ್ ಚಮ್ಮಾರನ ಜಗಲಿ ಸೇರಿದ. ಸಂಜೆಯಾದರೆ ಭಕ್ತರ ಸಾಲಿನಲ್ಲಿ ನಿಂತು ತನ್ನ ಮನೆಗೆ ತಾನೇ ಬರುತ್ತಿದ್ದ.

"ಲೇ, ನನ್ ಕಂಬಳಿ ಎಲ್ಲಿಟ್ಟಿದೀಯೇ?"

"ದೇವಸ್ಥಾನದಲ್ಲಿ ಲೇ ಗೀ ಅನ್ಬೇಡ್ರಿ. ಹಿಂದೆ ಜನ ನಿಂತಿದಾರೆ."

ಆದರೆ ಸಾಲಿನಲ್ಲಿ ನಿಂತು ನಿಂತು ಅವನು ಬಡವಾಗುತ್ತಿದ್ದದ್ದು ಅವಳ ಕಣ್ಣಿಗೆ ಬೀಳದಿರಲಿಲ್ಲ. ಒಂದು ದಿನ ಅವಳು ನೇರ ಹೊಸ ನಗರಸಭೆಗೆ ಹೋದಳು. ಪವಿತ್ರ ಬೆಂಕಿ ಆರಬಾರದು, ಸೌದೆ ಒಟ್ಟಲು ಅಲ್ಲೇ ಮಲಗುವ ಒಬ್ಬ ಆಳು ಬೇಕು ಎಂದಳು. ಆಳೆಂದರೆ ಗಂಡಸಲ್ಲ, ನೌಕರ ಎಂದು ಸಭೆ ತೀರ್ಮಾನಿಸಿತು. ಬಂದವರನ್ನೆಲ್ಲ ಅವಳು ಓಡಿಸಿದಳು. ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬನ ಬೆಂಕಿಗೆ ಭಕ್ತಿಯಿಲ್ಲ, ಮತ್ತೊಬ್ಬನ ಕಾಲು ದೇವಿಗೆ ಹಿಡಿಸಲಿಲ್ಲ. ಸಾಕಾಗಿಹೋದ ಸಭೆ ಕೊನೆಗೆ ಅದ್ನಮಾತುಸನನ್ನೇ ಪವಿತ್ರ ಅಗ್ನಿಪಾಲಕನೆಂದು ನೇಮಿಸಿ, ಮೆರವಣಿಗೆಯಲ್ಲಿ ಕರೆತಂದಿತು.

ಜನ ಚದುರಿದ ಮೇಲೆ ಇಬ್ಬರೂ ದಾರಿಯ ಆಚೆ ಒಬ್ಬರು, ಈಚೆ ಒಬ್ಬರು ಉಣ್ಣಲು ಕೂತರು.

"ಉಪ್ಪು ಕಮ್ಮಿ ಕಣೇ," ಎಂದ ಅದ್ನಮಾತುಸ್.

ಅಷ್ಟರಲ್ಲಿ ಸಂಜೆಯ ಕಾವಲು ಪಡೆ ನಡುವೆ ಹಾದುಬಂತು. ಕೊನೆಯ ಸಿಪಾಯಿ ದಾಟುವವರೆಗೂ ಕಾದು, ಬುಸ್ಸುಲಾ ಉಪ್ಪಿನ ಬಟ್ಟಲನ್ನು ಗಂಡನತ್ತ ತಳ್ಳಿದಳು.