ಮೂರು ಕೊಡೆ, ಒಂದೇ ಹೆಬ್ಬೆಟ್ಟು

ಇಂಡಿ ಬಸ್ ನಿಲ್ದಾಣದ ಎದುರು ಕೊಡೆ ಹಾಕಿಕೊಂಡು ನಾನು ಸಿಮ್ ಮಾರುತ್ತಿದ್ದೆ. ಪಕ್ಕದಲ್ಲೇ ಇನ್ನೆರಡು ಕಂಪನಿಗಳ ಕೊಡೆಗಳು. ಮೂವರೂ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು, ಧಂದೆಯ ಮಾತು ಬಂದರೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗಿರಾಕಿಯನ್ನು ರಟ್ಟೆ ಹಿಡಿದು ಎಳೆಯುವುದರಲ್ಲಿ ನಾನೇ ಮುಂದು. ಅದರ ಜಂಬವೂ ಇತ್ತು.

ಒಂದು ಬೆಳಿಗ್ಗೆ ಹೊರ್ತಿಯ ಲಿಂಬೆ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದು, ನಮ್ಮ ಕಂಪನಿಯ ಸಿಮ್ಮಿನ ಕವರನ್ನು ನನ್ನ ಮುಂದೆ ಒಗೆದಳು. ಅವಳ ಹೆಸರಿನ ನಂಬರಿನಿಂದ ಯಾರೋ ಬ್ಯಾಂಕಿನವರೆಂದು ಹೇಳಿಕೊಂಡು ಜನರಿಗೆ ಟೋಪಿ ಹಾಕುತ್ತಿದ್ದರಂತೆ. ಪೊಲೀಸರ ಫೋನು ಬಂದಿತ್ತು. ಮಗಳ ಮದುವೆಯ ಮಾತುಕತೆ ಬೇರೆ ನಡೆದಿತ್ತು.

"ನಾ ಕಳ್ಳಿ ಅಂತ ಸುದ್ದಿ ಆದ್ರ ಬೀಗರು ಹೊಳ್ಳಿ ನೋಡ್ತಾರೇನ್ರಿ?"

ಸರ್ಕಾರದ ಜಾಲತಾಣ ತೆರೆದು ನೋಡಿದೆ. ಅವಳ ಹೆಸರಿನಲ್ಲಿ ಮೂರು ನಂಬರುಗಳಿದ್ದವು! ಅವಳಿಗೆ ಗೊತ್ತಿದ್ದದ್ದು ಒಂದೇ, ನಮ್ಮ ಕಂಪನಿಯದು. ಉಳಿದೆರಡು ಪಕ್ಕದ ಕೊಡೆಗಳ ಕಂಪನಿಗಳವು. ಸಿಟ್ಟು ನೆತ್ತಿಗೇರಿ ಇಬ್ಬರನ್ನೂ ಜಾಡಿಸಿದೆ. ಅವರು ತಡವರಿಸುತ್ತ ಒಬ್ಬ ತಿರುಗಾಡುವ ಏಜೆಂಟನ ಗುರುತು ಹೇಳಿದರು. ಅವನು ನನ್ನವನೂ ಆಗಿದ್ದ! ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಿಸಲು ನಾನು ಗುಟ್ಟಾಗಿ ಅವನ ಕೈಗೆ ಬೆರಳಚ್ಚಿನ ಯಂತ್ರ ಕೊಟ್ಟು ಸಂತೆಗಳಿಗೆ ಕಳಿಸುತ್ತಿದ್ದೆ. ಅವರೂ ಅದನ್ನೇ ಮಾಡುತ್ತಿದ್ದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಅವನು ಸುತ್ತುವಾಗ ಮೂರೂ ಯಂತ್ರಗಳು ಒಂದೇ ಚೀಲದಲ್ಲಿದ್ದವು. ಹೊರ್ತಿಯ ಸಂತೆಯಲ್ಲಿ ಅವಳು ಸಿಮ್ ಕೊಳ್ಳುವಾಗ, ಲಿಂಬೆ ಮುಳ್ಳಿಗೆ ಗೀರುಬಿದ್ದ ಅವಳ ಹೆಬ್ಬೆಟ್ಟು ಸರಿಯಾಗಿ ಮೂಡಿಲ್ಲವೆಂದು, ಮೂರರ ಮೇಲೂ ಒತ್ತಿಸಿಕೊಂಡಿದ್ದನಂತೆ.

ಇಷ್ಟು ತಿಳಿದದ್ದೇ ತಡ, ನಮಗೆ ಎಲ್ಲಿಲ್ಲದ ಹುರುಪು ಬಂತು. ಒಂದೇ ಕೊಡೆಯ ಕೆಳಗೆ ಕುಳಿತು ಅವನು ಮಾಡಿಸಿದ ಸಿಮ್ಮುಗಳ ಪಟ್ಟಿ ತಾಳೆ ಹಾಕಿದೆವು. ಒಂದೊಂದೇ ಪಟ್ಟಿಯಲ್ಲಿ ಅವನು ಸಂಭಾವಿತ. ಮೂರನ್ನೂ ಜೋಡಿಸಿದರೆ ಅದೇ ಹೆಸರು, ಅದೇ ದಿನ, ಮತ್ತೆ ಮತ್ತೆ. ಸಿಕ್ಕಿಬಿದ್ದನೆಂದು ನಾನು ಎದ್ದೇ ನಿಂತೆ. ಮೂರೂ ಕಂಪನಿಗಳ ಸಾಹೇಬರನ್ನು ಒಂದೇ ಕರೆಯಲ್ಲಿ ಸೇರಿಸಿದೆವು. ಅವರೂ ಒಬ್ಬರೊಡನೊಬ್ಬರು ಮಾತಾಡಿದ್ದು ಅದೇ ಮೊದಲಂತೆ. ಅವಳು ನಿರಪರಾಧಿ ಎಂದು ಬರೆದುಕೊಡಬೇಕಾದರೆ ಯಂತ್ರ ಕೊಟ್ಟವರು ಯಾರೆಂದೂ ಬರೆಯಬೇಕು ಎಂದರು. ಬರೆದರೆ ನಮ್ಮ ಕೆಲಸ ಹೋಗುತ್ತಿತ್ತು.

"ನಾನ ಕೊಟ್ಟೇನ್ರಿ," ಎಂದೆ. ಉಳಿದಿಬ್ಬರೂ ಹಾಗೆಯೇ ಹೇಳಿದರು.

ಸಂಜೆಯೊಳಗೆ ಆ ಎರಡೂ ನಂಬರು ಬಂದ್ ಆದವು, ಪಟ್ಟಿ ಪೊಲೀಸರಿಗೆ ಹೋಯಿತು, ನಮ್ಮ ಕೊಡೆಗಳೂ ಹೋದವು. ಆದರೂ ಅಷ್ಟು ಖುಷಿ ನನಗೆ ಎಷ್ಟು ಸಿಮ್ ಮಾರಿದಾಗಲೂ ಆಗಿರಲಿಲ್ಲ. ಅಷ್ಟರಲ್ಲಿ, ನಿರಪರಾಧಿ ಎಂಬ ಕಾಗದ ಹಿಡಿದು ನಿಂತಿದ್ದ ಅವಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಎತ್ತಲೇ ಎಂಬಂತೆ ನನ್ನ ಮುಖ ನೋಡಿದಳು. ಎತ್ತಿರೆಂದೆ.

ಎತ್ತಿದವಳೇ, ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು.