ಹಳೆಯದೊಂದು ಉಳಿಸಿಕೊಂಡಿದ್ದರೆ

ಕಂಪ್ಯೂಟರ್ ಜೋಡಿಸಿ ಮಾರುವ ಅವನಿಗೆ ಬೀದಿಯವರು ಇಟ್ಟ ಹೆಸರು ಅರ್ಧಬೆಲೆ. ಅದಕ್ಕೆ ಅವನೇನೂ ಬೇಸರಿಸಿಕೊಂಡವನಲ್ಲ. ಇಪ್ಪತ್ತೆರಡು ವರ್ಷಗಳಿಂದ ದೊಡ್ಡ ಕಂಪನಿಯ ಪ್ರೊಸೆಸರ್ ಮುಟ್ಟದೆ, ಚಿಕ್ಕ ಕಂಪನಿಯ ಅಗ್ಗದ ಮಾಲನ್ನೇ ನಂಬಿ ಬದುಕಿದವನು. ನಂಬಿದವನಿಗೆ ನೆಮ್ಮದಿ ಇರುತ್ತದೆ ಎಂದುಕೊಂಡರೆ ತಪ್ಪು. ಒಂದು ಕಂಪನಿ ಬೆಲೆ ಇಳಿಸಿದರೆ ಇನ್ನೊಂದು ಹೊಸ ಮಾದರಿ ಬಿಡುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಅವೆರಡು ಜಗ್ಗಾಡುವಾಗ, ನೊಗದ ಹಿಂದೆ ಮುಗ್ಗರಿಸುತ್ತಿದ್ದವನು ಇವನು.

ಹೋದ ತಿಂಗಳು ಹೊಸ ಪೀಳಿಗೆಯ ಪ್ರೊಸೆಸರ್ ಬರುತ್ತದೆಂಬ ಸುದ್ದಿ ಹಬ್ಬಿತು. ಹಳೆಯವು ಕೈಯಲ್ಲೇ ಕೊಳೆಯುತ್ತವೆಂದು ಹೆದರಿ, ಇದ್ದಬದ್ದವನ್ನೆಲ್ಲ ಎದುರಂಗಡಿಯವನಿಗೆ ದಾಟಿಸಿಬಿಟ್ಟ. ಆದರೆ ಪ್ರೊಸೆಸರ್ ಕೂರಿಸುವ ಮದರ್‌ಬೋರ್ಡುಗಳನ್ನು ಇಟ್ಟುಕೊಂಡ. ಹೊಸ ಪ್ರೊಸೆಸರ್ ಹಳೆ ಬೋರ್ಡಿನಲ್ಲೇ ಕೂರುತ್ತದೆಂದು ಕಂಪನಿಯೇ ಹೇಳಿತ್ತು. ಕೂರುತ್ತದೆ ಎಂದಷ್ಟೇ ಹೇಳಿತ್ತು, ಏಳುತ್ತದೆ ಎಂದು ಹೇಳಿರಲಿಲ್ಲ.

ಅದು ತಿಳಿದದ್ದು ಟೈಪಿಂಗ್ ಶಾಲೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ. ಮಾಲು ತಡವಾಗಿ ಬಂದದ್ದರಿಂದ ಶಾಲೆಗೆ ಕೊಡಬೇಕಿದ್ದ ಹನ್ನೆರಡು ಕಂಪ್ಯೂಟರುಗಳನ್ನೂ ಅಲ್ಲೇ ಕೂತು ಜೋಡಿಸಿದ್ದ. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಗುಂಡಿ ಒತ್ತಿದ. ಹನ್ನೆರಡರಲ್ಲೂ ಫ್ಯಾನು ತಿರುಗಿತು, ಹನ್ನೆರಡು ಪರದೆಗಳೂ ಕಪ್ಪಾಗಿಯೇ ಉಳಿದವು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್ಡು ತಯಾರಾದಾಗ ಈ ಪ್ರೊಸೆಸರ್ ಹುಟ್ಟೇ ಇರಲಿಲ್ಲ, ಗುರುತು ಹೇಗೆ ಸಿಗಬೇಕು? ಪರಿಚಯ ಮಾಡಿಸುವ ಫೈಲೊಂದನ್ನು ಬೋರ್ಡಿಗೆ ತುಂಬಬೇಕು. ತುಂಬಲು ಬೋರ್ಡು ಎಚ್ಚರವಾಗಬೇಕು. ಎಚ್ಚರವಾಗಲು ಅದಕ್ಕೆ ಗೊತ್ತಿರುವ ಹಳೆ ಪ್ರೊಸೆಸರ್ ಒಂದು ಬೇಕು. ಒಂದೇ ಒಂದು. ಇಡೀ ಅಂಗಡಿ ಗುಡಿಸಿ ಮಾರಿದವನು ಆ ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಎದುರಂಗಡಿಯವನಿಗೆ ಫೋನು ಮಾಡಿದ.

"ಹಳೇದಾ? ಅದು ಕಸ ಅಂತ ನೀನೇ ಅಲ್ವಾ ಹೇಳಿದ್ದು," ಎಂದ ಅವನು. "ಕಸ ಎಲ್ಲ ಹೋದ ವಾರವೇ ಬೇರೆ ಊರಿಗೆ ಹೋಯ್ತು, ಗುರುವೇ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಶಾಲೆಯ ಮೇಡಂ ದನಿ ಏರಿಸಲಿಲ್ಲ. "ಹನ್ನೆರಡು ಹುಡುಗಿಯರು ಬರ್ತಾರೆ. ಇವತ್ತು ತಪ್ಪಿದ್ರೆ ಇನ್ನು ಮುಂದಿನ ವರ್ಷವೇ ಅವರಿಗೆ," ಎಂದರು.

ಆಗ ನೆನಪಾದದ್ದು ಅತ್ತೆಯ ಕಂಪ್ಯೂಟರ್. ಸ್ಕೂಟರ್ ಹತ್ತಿ ಹೆಂಡತಿಯ ತವರಿಗೆ ಓಡಿದ.

"ಅತ್ತೆ, ನಿಮ್ಮ ಕಂಪ್ಯೂಟರ್ ಸ್ವಲ್ಪ ಬಿಚ್ಚಬೇಕಿತ್ತು. ಒಂದು ಹಳೇ ಪ್ರೊಸೆಸರ್ ಬೇಕಾಗಿದೆ."

"ಹಳೇದು ನನ್ನ ಹತ್ರ ಎಲ್ಲಿದೆಯಪ್ಪ? ಹೋದ ವರ್ಷ ಎಲ್ಲಕ್ಕಿಂತ ಹೊಸದು ಅಂತ ನೀನೇ ತಂದುಕೊಟ್ಟೆ."

ಅಳಿಯ ಸ್ಕ್ರೂಡ್ರೈವರ್ ಹೊರತೆಗೆದ. "ಹೊಸದೇ ಆಗಿತ್ತು. ಅಂದ್ರೆ, ಅದಕ್ಕೂ ಸ್ವಲ್ಪ ಮುಂಚೆ ಹೊಸದಾಗಿತ್ತು."

"ಹಳೇದನ್ನ ತಂದು ನನ್ನ ತಲೆಗೆ ಕಟ್ಟಿದೆ ಅನ್ನು."

"ಅದು ಹಳೇದಾಗಿರೋದ್ರಿಂದಲೇ ಇವತ್ತು ನನ್ನ ಮಾನ ಉಳೀಬೇಕು, ಅತ್ತೆ."

"ಸರಿ, ಬಿಚ್ಚು. ನಾನೂ ಬರ್ತೀನಿ. ನಿನ್ನ ಕೈಯಲ್ಲಿ ಕೊಟ್ಟು ಕಳಿಸಿದ್ರೆ ದಾರೀಲಿ ಅದನ್ನೂ ಮಾರಿಬಿಡ್ತೀಯ."

ಅತ್ತೆ ಟೈಪಿಂಗ್ ಶಾಲೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು, ತಮ್ಮ ಒಡವೆ ಅಡ ಇಟ್ಟವರ ಹಾಗೆ. ಹಳೆಯದನ್ನು ಕೂರಿಸು, ಫೈಲು ತುಂಬು, ಕೀಳು, ಶಾಖ ಎಳೆಯುವ ಅಂಟು ಒರೆಸು, ಹೊಸದನ್ನು ಕೂರಿಸು: ಒಂದೊಂದಕ್ಕೂ ಹದಿನೈದು ನಿಮಿಷ. ತುಂಬುವಾಗ ಕರೆಂಟ್ ಹೋದರೆ ಆ ಬೋರ್ಡು ಸತ್ತಂತೆಯೇ. ಏಳನೆಯದರಲ್ಲಿ ಚಾವಣಿಯ ಫ್ಯಾನು ನಿಧಾನವಾಯಿತು. ಅಳಿಯ ಪರದೆಯನ್ನೇ ನೋಡುತ್ತ, ಉಸಿರಾಡಿದರೆ ವಿದ್ಯುತ್ ಖರ್ಚಾಗುತ್ತದೇನೋ ಎಂಬಂತೆ ಕೂತ. ಫ್ಯಾನು ಮತ್ತೆ ವೇಗ ಹಿಡಿಯಿತು.

"ಗಂಟೆ ಹನ್ನೆರಡೂವರೆ," ಎಂದರು ಅತ್ತೆ, ಯಾರೂ ಕೇಳದಿದ್ದರೂ.

ಹನ್ನೆರಡನೆಯ ಪರದೆ ಬೆಳಗಿದಾಗ ಎರಡಕ್ಕೆ ಇನ್ನು ಹದಿನೈದೇ ನಿಮಿಷ. ಹುಡುಗಿಯರು ಆಗಲೇ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಮೇಡಂ ಅವರನ್ನು ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಹನ್ನೆರಡು ಕೀಲಿಮಣೆಗಳ ಸದ್ದು ಹೊರಗೆ ಕೇಳಿಬಂತು.

"ಅತ್ತೆ, ನಿಮಗೆ ಹೊಸದೇ ಹಾಕಿಕೊಡ್ತೀನಿ. ಈ ಸಲ ನಿಜವಾಗ್ಲೂ ಹೊಸದು."

"ಬೇಡ, ಇದ್ದದ್ದನ್ನೇ ಹಾಕು. ನಾಳೆ ಇದೇ ಗತಿ ಬಂದ್ರೆ ಎಲ್ಲಿಗೆ ಓಡ್ತೀಯ?"

ಅವನು ನಗಲು ಬಾಯಿ ತೆರೆದ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಸಗಟು ವ್ಯಾಪಾರಿಯ ಸಂದೇಶ: ಮುಂದಿನ ಮಾದರಿಗೆ ಬೋರ್ಡೇ ಬೇರೆಯಂತೆ, ಈಗಿರುವುದನ್ನೆಲ್ಲ ಬೇಗ ಖಾಲಿ ಮಾಡಿಕೊಳ್ಳಿ.

"ಏನಂತೆ?" ಅತ್ತೆ ಕೇಳಿದರು.

"ಏನಿಲ್ಲ," ಎಂದು ಅವನು ಸ್ಕೂಟರಿಗೆ ಕಿಕ್ ಹೊಡೆದ. ಮೂರನೆಯ ಸಲಕ್ಕೆ ಶುರುವಾಯಿತು.